ಮುರಿದ ಕಣಕಾಲು ಮತ್ತು ಶ್ರೀಶೈಲದ ಬೆಟ್ಟದ ಹಾದಿ

ಕೃಷ್ಣೆ ಮತ್ತು ಭೀಮೆಯರ ನಡುವಣ ನಮ್ಮ ಸೀಮೆ ಮಲೆನಾಡಲ್ಲ. ಹಾಗೆಂದು ಬೆಟ್ಟ ಹತ್ತುವ ರೂಢಿ ನಮ್ಮವರಿಗಿಲ್ಲವೆಂದು ಯಾರೂ ಹೇಳಲಾರರು. ಸುರಪುರದ ಕಲ್ಲುಗುಡ್ಡಗಳು, ಯಾದಗಿರಿಯ ಕೋಟೆಯ ಬೆಟ್ಟ, ದೂರದಿಂದ ಮಲಗಿದ ಬುದ್ಧನಂತೆ ಕಾಣುವ ಶಹಾಪುರದ ಗುಡ್ಡಸಾಲು, ಸಂಕ್ರಾಂತಿಗೆ ಜನ ಕಿಕ್ಕಿರಿದು ಏರುವ ಮೈಲಾಪುರದ ಮೈಲಾರಲಿಂಗನ ಬೆಟ್ಟ, ಇವೆಲ್ಲವೂ ಕೊಡೇಕಲ್ಲಿನ ಬಾಲಕನಿಗೆ ಚಿಕ್ಕಂದಿನಿಂದಲೇ ಪರಿಚಿತವಾದವು. ಆದರೆ ಇವೆಲ್ಲಕ್ಕೂ ಮಿಗಿಲಾದುದು ಶ್ರೀಶೈಲದ ಹಾದಿ. ಯುಗಾದಿ ಸಮೀಪಿಸಿತೆಂದರೆ ಉತ್ತರ ಕರ್ನಾಟಕದ ಹಳ್ಳಿಹಳ್ಳಿಗಳಿಂದ ಮಲ್ಲಯ್ಯನ ಕಂಬಿಯೊಡನೆ ಪಾದಯಾತ್ರಿಗಳು ಹೊರಡುವರು. ಕೆಲವರಂತೂ ಮರಗಾಲು ಕಟ್ಟಿಕೊಂಡೇ ನಡೆಯುವರು. ಆತ್ಮಕೂರು ದಾಟಿ ವೆಂಕಟಾಪುರದ ಬಳಿ ಕಾಡು ಹೊಕ್ಕ ಮೇಲೆ ನಾಗಲೂಟಿಯ ವೀರಭದ್ರನ ಗುಡಿ, ಪೆದ್ದಚೆರುವು, ಭೀಮನಕೊಳ್ಳ, ಕೈಲಾಸದ್ವಾರ ಎಂದು ಹಾದಿ ಏರುತ್ತ ಇಳಿಯುತ್ತ ಸಾಗುತ್ತದೆ. ಕೊಂಡವೀಡಿನ ಪ್ರೋಲಯ ವೇಮಾರೆಡ್ಡಿ ೧೪ನೆಯ ಶತಮಾನದಲ್ಲಿ ಶ್ರೀಶೈಲಕ್ಕೆ ಸೋಪಾನ ಕಟ್ಟಿಸಿದನೆಂಬುದು ಇತಿಹಾಸ. ಮೆಟ್ಟಿಲುಗಳಿದ್ದರೂ ಕಲ್ಲು ಕಲ್ಲೇ, ಕಡಿದು ಕಡಿದೇ.

ಈ ಸಂಚಿಕೆಯನ್ನು ಓದುವ ಹಳೆಯ ವಿದ್ಯಾರ್ಥಿಗಳಲ್ಲಿ ಅನೇಕರು ಆ ಹಾದಿಯನ್ನು ಬಲ್ಲವರು. ಅವರ ಮನೆಗಳಲ್ಲಿ, ನೆರೆಹೊರೆಯಲ್ಲಿ, ಬಾವಿಕಟ್ಟೆಯ ಮೇಲೋ ಹೊಲದ ಬದುವಿನಲ್ಲೋ ಕಾಲು ಜಾರಿ ಕಣಕಾಲಿನ ಎಲುಬು ಮುರಿದುಕೊಂಡವರು ಒಬ್ಬರಾದರೂ ಇದ್ದೇ ಇರುತ್ತಾರೆ. ಅಂಥವರು ಕೇಳುವ ಪ್ರಶ್ನೆ ಒಂದೇ: ಈ ವರ್ಷ ಬೆಟ್ಟಕ್ಕೆ ಹೋಗಬಹುದೇ? ಇದಕ್ಕೆ ಊರಿನಲ್ಲಿ ಸಾಮಾನ್ಯವಾಗಿ ಎರಡು ಉತ್ತರಗಳು ದೊರೆಯುತ್ತವೆ. ಪಟ್ಟಿ ಬಿಚ್ಚಿತಲ್ಲ, ಇನ್ನೇನು, ದೇವರ ಮೇಲೆ ಭಾರ ಹಾಕಿ ನಡೆ ಎನ್ನುವುದು ಒಂದು. ಒಮ್ಮೆ ಮುರಿದ ಕಾಲು ಮುರಿದಂತೆಯೇ, ಇನ್ನು ಮೇಲೆ ಬೆಟ್ಟದ ಆಸೆ ಬಿಡು ಎನ್ನುವುದು ಇನ್ನೊಂದು. ಮೊದಲನೆಯದು ಕಾಲನ್ನು ಕೆಡಿಸುತ್ತದೆ, ಎರಡನೆಯದು ಮನುಷ್ಯನನ್ನು. ಎಲುಬು ಕೂಡುವುದು ಬೇರೆ, ಕಾಲು ಬೆಟ್ಟಕ್ಕೆ ಸಿದ್ಧವಾಗುವುದು ಬೇರೆ. ಈ ಎರಡರ ನಡುವೆ ಇರುವ ತಿಂಗಳುಗಳಲ್ಲಿ ಮಾಡಬೇಕಾದ ಕೆಲಸವನ್ನು ಕುರಿತು ಇಲ್ಲಿ ವಿಚಾರಿಸಲಾಗಿದೆ.

ಮೊದಲು ಕೀಲಿನ ರಚನೆಯನ್ನು ತಿಳಿಯೋಣ. ಮೊಣಕಾಲಿನಿಂದ ಕೆಳಗೆ ಎರಡು ಎಲುಬುಗಳಿವೆ. ಒಳಮಗ್ಗುಲಿನದು ದಪ್ಪ, ಹೊರಮಗ್ಗುಲಿನದು ಸಣಕಲು. ಕಣಕಾಲಿನ ಎರಡೂ ಬದಿಗೆ ಕೈಗೆ ಸಿಗುವ ಉಬ್ಬುಗಳು ಈ ಎಲುಬುಗಳ ತುದಿಗಳೇ. ಅವೆರಡೂ ಕೂಡಿ ಒಂದು ಕವಲಿನಂತಾಗಿ, ಪಾದದ ಮೇಲ್ತುದಿಯ ಟಾಲಸ್ ಎಂಬ ಎಲುಬನ್ನು ಅಪ್ಪಿ ಹಿಡಿದಿರುತ್ತವೆ. ಬಡಗಿಯು ಚೌಕಟ್ಟಿನ ತೂತಿನಲ್ಲಿ ಕೂಡಿಸುವ ಗೂಟದಂತೆ ಇದರ ಜೋಡಣೆ. ಗೂಟ ಎಷ್ಟು ಬಿಗಿಯಾಗಿ ಕುಳಿತಿರಬೇಕೆಂಬುದಕ್ಕೆ ೧೯೭೬ರಲ್ಲಿ ಪ್ರಕಟವಾದ ರ‍್ಯಾಮ್ಸೆ ಮತ್ತು ಹ್ಯಾಮಿಲ್ಟನ್ ಎಂಬ ವೈದ್ಯರ ಪ್ರಯೋಗ ಪ್ರಸಿದ್ಧವಾದುದು. ಟಾಲಸ್ ಎಲುಬು ಹೊರಕ್ಕೆ ಒಂದೇ ಒಂದು ಮಿಲಿಮೀಟರ್ ಸರಿದರೂ ಕೀಲಿನೊಳಗೆ ಎಲುಬಿಗೆ ಎಲುಬು ತಾಗುವ ಜಾಗ ಸರಾಸರಿ ಶೇಕಡ ೪೨ರಷ್ಟು ಕಡಿಮೆಯಾಗುವುದೆಂದು ಅವರು ತೋರಿಸಿದರು. ಅಷ್ಟೇ ಭಾರ ಅರ್ಧದಷ್ಟು ಜಾಗದ ಮೇಲೆ ಬಿದ್ದರೆ ಮೃದ್ವಸ್ಥಿ ಬೇಗ ಸವೆಯುತ್ತದೆ. ಸೊಟ್ಟ ಕೂಡಿದ ಕಣಕಾಲು ಹತ್ತಾರು ವರ್ಷಗಳ ನಂತರ ಸಂಧಿವಾತವಾಗಿ ಕಾಡುವುದು ಇದರಿಂದಲೇ.

ಟಾಲಸ್ಸಿನ ಇನ್ನೊಂದು ಗುಣವನ್ನು ಬೆಟ್ಟ ಹತ್ತುವವರು ಮುಖ್ಯವಾಗಿ ನೆನಪಿಡಬೇಕು. ಅದರ ಮುಂಭಾಗ ಅಗಲ, ಹಿಂಭಾಗ ಕಿರಿದು. ಏರುವಾಗ ಪಾದ ಮೇಲಕ್ಕೆ ಬಾಗಿ ಅಗಲವಾದ ಭಾಗ ಕವಲಿನಲ್ಲಿ ಸಿಕ್ಕಿಕೊಳ್ಳುವುದರಿಂದ ಕೀಲು ಭದ್ರವಾಗಿರುತ್ತದೆ. ಇಳಿಯುವಾಗ ಹೆಬ್ಬೆರಳು ಕೆಳಮುಖವಾಗಿ ಚಾಚಿ ಕಿರಿದಾದ ಭಾಗ ಒಳಗೆ ಬರುತ್ತದೆ, ಕೀಲು ಸಡಿಲವಾಗುತ್ತದೆ. ಅದೇ ಹೊತ್ತಿನಲ್ಲಿ ಮೀನಖಂಡದ ಸ್ನಾಯುವು ನೀಳವಾಗುತ್ತಲೇ ದೇಹದ ಭಾರವನ್ನು ತಡೆಹಿಡಿಯಬೇಕು. ಏರುವುದು ಉಸಿರಿನ ಪರೀಕ್ಷೆಯಾದರೆ ಇಳಿಯುವುದು ಕಣಕಾಲಿನ ಪರೀಕ್ಷೆ. ಜನರು ಭೀಮನಕೊಳ್ಳದಿಂದ ಕೈಲಾಸದ್ವಾರಕ್ಕೆ ಏರುವ ಕಷ್ಟವನ್ನೇ ವರ್ಣಿಸುವರು. ಆ ಕೊಳ್ಳಕ್ಕೆ ಇಳಿದ ಬಗೆಯನ್ನು ಹೇಳುವವರು ಕಡಿಮೆ.

ಮುರಿದದ್ದೋ ಉಳುಕಿದ್ದೋ ಎಂದು ತಿಳಿಯುವುದು ಹೇಗೆ? ೧೯೯೨ರಲ್ಲಿ ಕೆನಡಾದ ಒಟ್ಟಾವಾ ನಗರದ ವೈದ್ಯರು ಇದಕ್ಕೊಂದು ಸರಳ ನಿಯಮವನ್ನು ಪ್ರಕಟಿಸಿದರು. ಕಣಕಾಲಿನ ಸುತ್ತ ನೋವಿದ್ದು, ಎರಡು ಉಬ್ಬುಗಳಲ್ಲಿ ಯಾವುದಾದರೂ ಒಂದರ ಹಿಂಚಿನ ಮೇಲೆ ಅಥವಾ ತುದಿಯಲ್ಲಿ ಒತ್ತಿದರೆ ನೋವಾಗುವುದಾದರೆ, ಇಲ್ಲವೆ ಪೆಟ್ಟಾದ ಕೂಡಲೇ ಮತ್ತು ಆಸ್ಪತ್ರೆಯಲ್ಲಿ ನಾಲ್ಕು ಹೆಜ್ಜೆ ಇಡಲು ಆಗದಿದ್ದರೆ, ಕ್ಷಕಿರಣದ ಚಿತ್ರ ತೆಗೆಸಲೇಬೇಕು. ಬಾವು ಎಷ್ಟಿದೆ ಎಂಬುದರಿಂದ ಏನನ್ನೂ ನಿರ್ಧರಿಸಲಾಗದು. ಬರಿಯ ಉಳುಕಿಗೂ ಕಾಲು ಕುಂಬಳಕಾಯಿಯಾಗುವುದುಂಟು. ಅನುಮಾನವಿರುವಾಗ ಎಣ್ಣೆ ಹಚ್ಚಿ ನೀವುವುದಾಗಲಿ, ಎಳೆದು ಸರಿಪಡಿಸಲು ಹೋಗುವುದಾಗಲಿ ಸಲ್ಲದು. ಬಾವು ಏರುವ ಮೊದಲೇ ಕಾಲುಂಗುರ, ಕಡಗಗಳನ್ನು ತೆಗೆದು, ಎರಡು ಬದಿಗೆ ದಬ್ಬೆಯಿಟ್ಟು ಹದವಾಗಿ ಕಟ್ಟಿ, ಕಾಲನ್ನು ಎತ್ತರದಲ್ಲಿರಿಸಿ ಸಾಗಿಸಬೇಕು. ಪಾದ ಒಂದು ಬದಿಗೆ ತಿರುಗಿ ಚರ್ಮ ಬಿಳಿಚಿಕೊಂಡಿದ್ದರೆ ಅಥವಾ ಗಾಯದೊಳಗಿಂದ ಎಲುಬು ಕಾಣುತ್ತಿದ್ದರೆ ನಾಳೆಯವರೆಗೆ ಕಾಯುವಂತಿಲ್ಲ.

ಬೆಟ್ಟದ ಮೇಲೆ ಕಾಲು ಮುರಿದುಕೊಂಡವರಲ್ಲಿ ಇಂಗ್ಲೆಂಡಿನ ಡಗ್ ಸ್ಕಾಟ್ ಅವರ ಪ್ರಸಂಗ ಲೋಕವಿಖ್ಯಾತವಾದುದು. ೧೯೭೫ರಲ್ಲಿ ಎವರೆಸ್ಟಿನ ನೈರುತ್ಯ ಮುಖವನ್ನು ಏರಿದ ಈ ಸಾಹಸಿ, ೧೯೭೭ರಲ್ಲಿ ಕಾರಕೋರಂ ಶ್ರೇಣಿಯ ೭,೨೮೫ ಮೀಟರ್ ಎತ್ತರದ ಓಗರ್ ಶಿಖರದಿಂದ ಹಗ್ಗದಲ್ಲಿ ಇಳಿಯುವಾಗ ಜೀಕಿ ಬಂಡೆಗೆ ಅಪ್ಪಳಿಸಿದರು. ಎರಡೂ ಕಾಲುಗಳು ಕಣಕಾಲಿನ ಬಳಿ ಮುರಿದವು. ಸಂಗಾತಿಗಳ ನೆರವಿನಿಂದ ದಿನಗಟ್ಟಲೆ ಮಂಡಿಗಾಲಿನ ಮೇಲೆ ತೆವಳುತ್ತ ಅವರು ಕೆಳಗಿಳಿದರು. ೧೯೭೯ರಲ್ಲಿ ಅವರೇ ೮,೫೮೬ ಮೀಟರ್ ಎತ್ತರದ ಕಾಂಚನಜುಂಗಾವನ್ನು ಆಮ್ಲಜನಕದ ಸಿಲಿಂಡರಿಲ್ಲದೆ ಏರಿದರು. ಈ ಕಥೆಯನ್ನು ಧೈರ್ಯಕ್ಕೆ ನಿದರ್ಶನವಾಗಿ ಹೇಳುವುದು ವಾಡಿಕೆ. ಅದು ಸರಿಯೇ. ಆದರೆ ಎಂಥ ಕಷ್ಟದಲ್ಲಿಯೂ ಅವರು ಮುರಿದ ಪಾದಗಳ ಮೇಲೆ ನಿಲ್ಲದೆ ಮಂಡಿಗಳ ಮೇಲೆಯೇ ಇಳಿದರೆಂಬುದು ನನಗೆ ಹೆಚ್ಚು ಪಾಠದಾಯಕವಾಗಿ ತೋರುತ್ತದೆ. ಜಗತ್ತಿನ ಅಗ್ರಗಣ್ಯ ಪರ್ವತಾರೋಹಿಯ ವೇಗವನ್ನು ನಮ್ಮ ಒಕ್ಕಲಿಗನು ಅಳತೆಗೋಲಾಗಿ ಹಿಡಿಯಬೇಕಾಗಿಲ್ಲ.

ಇನ್ನು ಚಿಕಿತ್ಸೆಯ ವಿಚಾರ. ನಮ್ಮ ನಾಡಿನ ಪ್ರಾಚೀನರು ಇದನ್ನು ಸೂಕ್ಷ್ಮವಾಗಿ ಅರಿತಿದ್ದರು. ಸುಶ್ರುತ ಸಂಹಿತೆಯ ನಿದಾನಸ್ಥಾನದ ೧೫ನೆಯ ಅಧ್ಯಾಯವು ಎಲುಬಿನ ಮುರಿತವನ್ನು ೧೨ ಬಗೆಯಾಗಿಯೂ ಕೀಲು ತಪ್ಪುವುದನ್ನು ೬ ಬಗೆಯಾಗಿಯೂ ವಿಂಗಡಿಸುತ್ತದೆ. ಚಿಕಿತ್ಸಾಸ್ಥಾನದ ೩ನೆಯ ಅಧ್ಯಾಯದಲ್ಲಿ ಮರದ ತೊಗಟೆ ಮತ್ತು ಬಿದಿರಿನ ದಬ್ಬೆಗಳಿಂದ ಕಟ್ಟುವ ವಿಧಾನವಿದೆ. ಕಟ್ಟನ್ನು ಚಳಿಗಾಲದಲ್ಲಿ ೭ ದಿನಕ್ಕೊಮ್ಮೆ, ಸಮಶೀತೋಷ್ಣದಲ್ಲಿ ೫ ದಿನಕ್ಕೊಮ್ಮೆ, ಬೇಸಗೆಯಲ್ಲಿ ೩ ದಿನಕ್ಕೊಮ್ಮೆ ಬಿಚ್ಚಿ ಕಟ್ಟಬೇಕೆಂಬ ವಿಧಿಯಿದೆ. ಸಡಿಲ ಕಟ್ಟಿದರೆ ಕೀಲು ನಿಲ್ಲದು, ಬಿಗಿಯಾದರೆ ಬಾವು, ನೋವು, ಕೀವು ತಪ್ಪದು ಎಂಬ ಎಚ್ಚರವೂ ಅಲ್ಲಿಯೇ ಇದೆ. ಎಲುಬು ಕೂಡಲು ಎಳೆಯ ವಯಸ್ಸಿನಲ್ಲಿ ಒಂದು ತಿಂಗಳಾದರೆ, ನಡುವಯಸ್ಸಿನಲ್ಲಿ ಅದರ ಇಮ್ಮಡಿ, ಮುಪ್ಪಿನಲ್ಲಿ ಮುಮ್ಮಡಿ ಕಾಲ ಬೇಕೆಂಬ ಲೆಕ್ಕವು ಇಂದಿನ ಅನುಭವಕ್ಕೆ ಬಹಳ ದೂರವಿಲ್ಲ.

ಆ ಅಧ್ಯಾಯದಲ್ಲಿ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿದ ಮಾತು ಬೇರೆಯೇ ಇದೆ. ಅಂಗೈ ಮುರಿದವನು ಗುಣವಾಗುತ್ತ ಬಂದಾಗ ಮೊದಲು ಮಣ್ಣಿನ ಮುದ್ದೆಯನ್ನು ಹಿಡಿಯಬೇಕು, ಆಮೇಲೆ ಉಪ್ಪಿನ ಹರಳನ್ನು, ಕೈಗೆ ಬಲ ಬಂದ ಮೇಲೆ ಕಲ್ಲನ್ನು ಎಂದು ಸುಶ್ರುತನು ವಿಧಿಸುತ್ತಾನೆ. ಮೆತ್ತನೆಯದರಿಂದ ಗಟ್ಟಿಯಾದುದಕ್ಕೆ, ಹಗುರದಿಂದ ಭಾರಕ್ಕೆ ಹಂತಹಂತವಾಗಿ ಹೋಗುವುದು. ಮುಂದಿನ ಹಂತಕ್ಕೆ ಅಪ್ಪಣೆ ಕೊಡುವುದು ತಿಥಿಯಲ್ಲ, ಕೈಗೆ ಬಂದ ಬಲ. ಇಂದು ಫಿಜಿಯೋಥೆರಪಿಯವರು ಹೇಳುವ ತತ್ತ್ವದ ತಿರುಳು ಇದೇ ಆಗಿದೆ. ಕೈಗೆ ಹೇಳಿದ ಈ ಮಾತನ್ನು ಕಾಲಿಗೂ ಅನ್ವಯಿಸಿಕೊಳ್ಳುವುದರಲ್ಲಿ ತಪ್ಪೇನೂ ಕಾಣದು.

ಹಾಲೆಂಡಿನ ಸೇನಾವೈದ್ಯ ಮಾಥಿಜ್ಸೆನ್ ೧೮೫೨ರಲ್ಲಿ ಪ್ಲಾಸ್ಟರ್ ಪಟ್ಟಿಯ ವಿಧಾನವನ್ನು ಪ್ರಕಟಿಸಿದನು. ೧೮೯೫ರಲ್ಲಿ ರಾಂಟ್‌ಜನ್ ಕ್ಷಕಿರಣವನ್ನು ಕಂಡುಹಿಡಿದ ಮೇಲೆ ಎಲುಬು ನೆಟ್ಟಗೆ ಕೂತಿದೆಯೇ ಎಂಬುದನ್ನು ಕಣ್ಣಾರೆ ನೋಡುವಂತಾಯಿತು. ೧೯೫೮ರಲ್ಲಿ ಸ್ವಿಟ್ಜರ್ಲೆಂಡಿನ ಕೆಲವು ಶಸ್ತ್ರವೈದ್ಯರು ಒಂದು ಸಂಘ ಕಟ್ಟಿ, ಲೋಹದ ಪಟ್ಟಿ ಮತ್ತು ತಿರುಪುಗಳಿಂದ ಎಲುಬನ್ನು ಭದ್ರಪಡಿಸಿ ಕೀಲನ್ನು ಬೇಗ ಆಡಿಸುವ ಪದ್ಧತಿಯನ್ನು ರೂಢಿಗೆ ತಂದರು. ತಿಂಗಳುಗಟ್ಟಲೆ ಕಟ್ಟಿಹಾಕಿದ ಕಾಲಿನಲ್ಲಿ ಕೀಲು ಬಿಗಿದು, ಸ್ನಾಯು ಸೊರಗಿ, ಮುರಿತಕ್ಕಿಂತ ಚಿಕಿತ್ಸೆಯೇ ರೋಗವಾಗುವುದನ್ನು ಅವರು ಕಂಡಿದ್ದರು. ಒಂದೇ ಬದಿಯ, ಕದಲದ ಮುರಿತಕ್ಕೆ ಶಸ್ತ್ರಚಿಕಿತ್ಸೆ ಬೇಡವಾಗಬಹುದು. ಎರಡೂ ಬದಿ ಮುರಿದು ಟಾಲಸ್ ಸರಿದಿದ್ದರೆ ಸಾಮಾನ್ಯವಾಗಿ ಬೇಕಾಗುತ್ತದೆ.

ನಮ್ಮ ಹಳ್ಳಿಗಳಲ್ಲಿ ಎಲುಬು ಕಟ್ಟುವ ನಾಟಿ ವೈದ್ಯರಿದ್ದಾರೆ. ಮಂಗರವಳ್ಳಿಯನ್ನು ಅರೆದು ಹಚ್ಚುವ, ದಬ್ಬೆ ಕಟ್ಟುವ ಅವರ ಕೈಗುಣವನ್ನು ಹೀಗಳೆಯುವುದು ನನ್ನ ಉದ್ದೇಶವಲ್ಲ. ಆದರೆ ಒಂದು ಮಿಲಿಮೀಟರಿನ ಲೆಕ್ಕವನ್ನು ಬೆರಳಿನಿಂದ ಅಳೆಯಲು ಬಾರದು. ಮುಂಗೈಗೆ ಹಿಡಿಸಿದ ವಿದ್ಯೆ ಕಣಕಾಲಿನ ಕೀಲಿಗೂ ಹಿಡಿಸುತ್ತದೆಂದು ನಂಬಬಾರದು. ಯಾರೇ ಕಟ್ಟಲಿ, ಪ್ಲಾಸ್ಟರೇ ಆಗಲಿ ದಬ್ಬೆಯೇ ಆಗಲಿ, ಬೆರಳು ನೀಲಿಯಾದರೆ, ಜೋಮು ಹಿಡಿದರೆ, ನೋವು ಇಳಿಯುವ ಬದಲು ತಾಸುತಾಸಿಗೆ ಏರಿದರೆ ಆ ಕ್ಷಣವೇ ಆಸ್ಪತ್ರೆಗೆ ಒಯ್ದು ಬಿಚ್ಚಿಸಬೇಕು. ರಕ್ತ ಹರಿಯದ ಪಾದ ಬೆಳಗಾಗುವುದರೊಳಗೆ ಕೈಬಿಟ್ಟುಹೋಗಬಹುದು. ಮೀನಖಂಡ ಊದಿ ನೋಯುವುದು, ಒಮ್ಮೆಲೇ ಏದುಸಿರು ಬರುವುದು, ಇವು ರಕ್ತ ಹೆಪ್ಪುಗಟ್ಟಿರುವುದರ ಸೂಚನೆಯಾಗಿರಬಹುದು. ಇಲ್ಲಿಯೂ ವಿಳಂಬ ಸಲ್ಲದು.

ಎಲುಬು ಕೂಡುವ ಕ್ರಮ ವಿಸ್ಮಯಕರವಾದುದು. ಮುರಿದ ತುದಿಗಳ ಸುತ್ತ ಹೆಪ್ಪುಗಟ್ಟಿದ ರಕ್ತವೇ ಮೊದಲ ಅಚ್ಚು. ಅದರಲ್ಲಿ ಮೆತ್ತನೆಯ ಗಂಟು ಬೆಳೆಯುತ್ತದೆ, ಸುಣ್ಣದ ಅಂಶ ಸೇರಿ ಗಟ್ಟಿಯಾಗುತ್ತದೆ. ಸಾಮಾನ್ಯವಾಗಿ ಆರರಿಂದ ಎಂಟು ವಾರಗಳಲ್ಲಿ ಭಾರ ಹೊರುವಷ್ಟು ಬಲ ಬಂದರೂ, ಗಂಟು ಸವೆದು ಮೊದಲಿನ ಆಕಾರಕ್ಕೆ ಬರಲು ವರ್ಷವೇ ಹಿಡಿಯಬಹುದು. ಬೀಡಿ, ಸಿಗರೇಟು ಈ ಕೆಲಸವನ್ನು ನಿಧಾನಗೊಳಿಸುತ್ತವೆ. ಸಕ್ಕರೆ ಕಾಯಿಲೆಯವರಿಗೆ ಇನ್ನೂ ಹೆಚ್ಚು ಕಾಲ ಬೇಕು. ಅವರು ವೈದ್ಯರ ಅನುಮತಿಯಿಲ್ಲದೆ ಭಾರ ಹಾಕಲೇಬಾರದು.

ಪ್ಲಾಸ್ಟರ್ ಬಿಚ್ಚಿದ ದಿನ ಕಾಣುವ ಕಾಲನ್ನು ನೋಡಿ ಅನೇಕರು ಎದೆಗುಂದುವರು. ಮೀನಖಂಡ ಸಣ್ಣದಾಗಿದೆ, ಚರ್ಮ ಒಣಗಿದೆ, ಪಾದ ಮೇಲಕ್ಕೆ ಬಾಗದು. ಕಣ್ಣಿಗೆ ಕಾಣದ ನಷ್ಟ ಇನ್ನೊಂದಿದೆ. ಕೀಲಿನ ಸುತ್ತಣ ಅಸ್ಥಿಬಂಧಗಳಲ್ಲಿ ಪಾದ ಎತ್ತ ವಾಲಿದೆ ಎಂಬುದನ್ನು ಮೆದುಳಿಗೆ ತಿಳಿಸುವ ನರಗಳಿವೆ. ಕತ್ತಲಲ್ಲಿ ಕಲ್ಲು ಮೆಟ್ಟಿದರೂ ನಾವು ಬೀಳದಿರುವುದು ಅವುಗಳಿಂದಲೇ. ಪೆಟ್ಟಿನಿಂದ, ಬಳಕೆ ತಪ್ಪಿದುದರಿಂದ ಈ ಅರಿವು ಮಂಕಾಗಿರುತ್ತದೆ. ಎಲುಬು ಕೂಡಿದವನು ಸಪಾಟು ನೆಲದಲ್ಲಿ ಚೆನ್ನಾಗಿ ನಡೆದು ಗುಡ್ಡದಲ್ಲಿ ಮತ್ತೆ ಕಾಲು ಹೊರಳಿಸಿಕೊಳ್ಳುವುದು ಇದರಿಂದಾಗಿಯೇ.

ಹಾಗಾದರೆ ಕಾಲಿಗೆ ಮಣ್ಣು ಯಾವುದು, ಉಪ್ಪು ಯಾವುದು, ಕಲ್ಲು ಯಾವುದು? ನಮ್ಮ ಸೀಮೆಯಲ್ಲಿ ಇವು ಮೂರಕ್ಕೂ ಕೊರತೆಯಿಲ್ಲ. ವೈದ್ಯರು ಭಾರ ಹಾಕಲು ಒಪ್ಪಿದ ಮೇಲೆ ಮೊದಲ ಕೆಲಸ ಮನೆಯಂಗಳದ್ದು: ಕುಳಿತಲ್ಲಿಯೇ ಪಾದವನ್ನು ಮೇಲೆ ಕೆಳಗೆ ಆಡಿಸುವುದು, ಗೋಡೆ ಹಿಡಿದು ಹಿಮ್ಮಡಿ ಎತ್ತುವುದು, ಒಂಟಿಕಾಲಿನಲ್ಲಿ ನಿಲ್ಲುವುದು. ಅನಂತರ ಊರುಗೋಲು ಹಿಡಿದು ಸಮನಾದ ದಾರಿ. ನಾರಾಯಣಪುರದ ಎಡದಂಡೆ ಕಾಲುವೆಯ ಏರಿಗಿಂತ ಒಳ್ಳೆಯ ದಾರಿ ಇದಕ್ಕೆ ಸಿಗಲಾರದು. ಏರಿಲ್ಲ, ಇಳಿವಿಲ್ಲ, ಎಷ್ಟು ದೂರ ಬೇಕಾದರೂ ನಡೆದು ಹಿಂದಿರುಗಬಹುದು. ಕುಂಟದೆ ಒಂದು ತಾಸು ನಡೆದು, ಮರುದಿನ ಬೆಳಿಗ್ಗೆ ಬಾವು ಹೆಚ್ಚಿರದಿದ್ದರೆ ಮುಂದಿನ ಹಂತಕ್ಕೆ ಹೋಗಬಹುದು. ಅದು ಉತ್ತ ಎರೆಹೊಲದ ಬದು, ಹಳ್ಳದ ಮರಳು. ಕಾಲಡಿಯ ನೆಲ ಅಲುಗುವುದರಿಂದ ಮಂಕಾದ ನರಗಳು ಇಲ್ಲಿ ಎಚ್ಚರಗೊಳ್ಳುತ್ತವೆ. ಮೂರನೆಯದು ಶಾಲೆಯ ಮೆಟ್ಟಿಲು, ಗುಡಿಯ ಪಾವಟಿಗೆ. ಕೊನೆಯದು ಗುಡ್ಡ, ಅದರಲ್ಲಿಯೂ ಮೊದಲು ಸಣ್ಣದು, ಬರಿಗೈಯಲ್ಲಿ, ಜೊತೆಗೊಬ್ಬರನ್ನು ಕರೆದುಕೊಂಡು.

ಗುಡ್ಡಕ್ಕೆ ಹೋಗಲು ಅರ್ಹತೆ ಬಂದಿದೆಯೇ ಎಂಬುದನ್ನು ಮನೆಯಲ್ಲಿಯೇ ಪರೀಕ್ಷಿಸಬಹುದು. ಪೆಟ್ಟಾದ ಕಾಲೊಂದರ ಮೇಲೆ ಅರ್ಧ ನಿಮಿಷ ಅಲುಗದೆ ನಿಲ್ಲಲು ಬರಬೇಕು. ಅದೇ ಕಾಲಿನಲ್ಲಿ ಹಿಮ್ಮಡಿಯನ್ನು ಇಪ್ಪತ್ತು ಸಲವಾದರೂ ಪೂರ್ತಿ ಎತ್ತಿ ಇಳಿಸಲು ಬರಬೇಕು. ಗೋಡೆಯೆದುರು ನಿಂತು, ಹಿಮ್ಮಡಿ ನೆಲ ಬಿಡದಂತೆ ಮೊಣಕಾಲನ್ನು ಗೋಡೆಗೆ ತಾಗಿಸಬೇಕು. ಹೆಬ್ಬೆರಳು ಗೋಡೆಯಿಂದ ಎಷ್ಟು ದೂರ ಸರಿಯಬಲ್ಲುದೆಂದು ಎರಡೂ ಕಾಲುಗಳಲ್ಲಿ ಅಳೆಯಬೇಕು. ವ್ಯತ್ಯಾಸ ಎರಡು ಬೆರಳಗಲಕ್ಕಿಂತ ಹೆಚ್ಚಿದ್ದರೆ ಕೀಲು ಇನ್ನೂ ಬಿಗಿದಿದೆಯೆಂದು ಅರ್ಥ. ಎಲ್ಲಕ್ಕೂ ಮಿಗಿಲಾಗಿ, ಒಂದು ಮೆಟ್ಟಿಲಿನ ಮೇಲೆ ಪೆಟ್ಟಾದ ಕಾಲಿನಲ್ಲಿ ನಿಂತು ಇನ್ನೊಂದು ಹಿಮ್ಮಡಿಯನ್ನು ನಿಧಾನವಾಗಿ ಕೆಳಗಿನ ಮೆಟ್ಟಿಲಿಗೆ ಮುಟ್ಟಿಸಬೇಕು. ಧೊಪ್ಪನೆ ಬಿದ್ದರೆ ಭೀಮನಕೊಳ್ಳ ಇನ್ನೂ ದೂರವಿದೆ.

ಈಗ ಒಂದು ನಿದರ್ಶನವನ್ನು ಲೆಕ್ಕ ಹಾಕಿ ನೋಡೋಣ. ಒಬ್ಬನು ದೀಪಾವಳಿಯ ಅಮಾವಾಸ್ಯೆಯಂದು ಕಾಲು ಮುರಿದುಕೊಂಡನೆನ್ನಿ. ಅಧಿಕಮಾಸ ಬಾರದಿದ್ದರೆ ಅಲ್ಲಿಂದ ಯುಗಾದಿಗೆ ಐದು ಚಾಂದ್ರಮಾಸಗಳು, ಸುಮಾರು ೧೪೮ ದಿನ. ಯಾತ್ರೆ ಎರಡು ವಾರ ಮುಂಚೆಯೇ ಹೊರಡುವುದಾದರೆ ಕೈಯಲ್ಲಿರುವುದು ೧೯ ವಾರ. ಮುರಿತ ಸಾದಾ ಆಗಿದ್ದು ಆರು ವಾರಕ್ಕೆ ಪ್ಲಾಸ್ಟರ್ ಬಿಚ್ಚಿದರೆ, ಎಳ್ಳಮಾವಾಸ್ಯೆಗೆ ಆತನು ಊರುಗೋಲಿನೊಡನೆ ಹೊಲಕ್ಕೆ ಹೋಗಿ ಚರಗ ಚೆಲ್ಲುವುದನ್ನು ನೋಡಬಹುದು. ಸಂಕ್ರಾಂತಿಯ ಮೈಲಾಪುರದ ನೂಕುನುಗ್ಗಲು ಅವನಿಗೆ ಬೇಡ. ಶಿವರಾತ್ರಿಯ ವೇಳೆಗೆ ಕಾಲುವೆಯ ಏರಿಯ ಮೇಲೆ ಎರಡು ತಾಸು ನಡೆಯುವಂತಾಗಿ, ಮೇಲೆ ಹೇಳಿದ ಪರೀಕ್ಷೆಗಳಲ್ಲಿ ಮೂರಾದರೂ ಸಾಧಿಸಿದ್ದರೆ, ಬಯಲುದಾರಿಯ ಕೆಲವು ದಿನಗಳ ನಡಿಗೆಗೆ ಸೇರಿಕೊಳ್ಳಬಹುದು. ಆದರೆ ಕಾಡಿನ ಹಾದಿಯನ್ನು ಆ ವರ್ಷ ಬಿಡಬೇಕೆಂಬುದು ನನ್ನ ಸ್ಪಷ್ಟ ಅಭಿಪ್ರಾಯ. ಅದು ಹುಲಿ ಸಂರಕ್ಷಿತ ಅರಣ್ಯ; ಅಲ್ಲಿ ಕಾಲು ಹೊರಳಿದರೆ ನಾಲ್ವರು ಕಂಬಳಿಯ ಡೋಲಿ ಕಟ್ಟಿ ಹೊರಬೇಕಾದೀತು. ಆತ್ಮಕೂರಿನಿಂದ ಬಸ್ಸಿನಲ್ಲಿ ಹೋಗಿ ಸಂಗಾತಿಗಳನ್ನು ಶ್ರೀಶೈಲದಲ್ಲಿ ಕೂಡಿಕೊಂಡರೆ ಹರಕೆ ಮುರಿಯಿತೆಂದು ಯಾರೂ ಭಾವಿಸಬೇಕಾಗಿಲ್ಲ. ಎರಡೂ ಬದಿ ಮುರಿದು ಲೋಹದ ಪಟ್ಟಿ ಹಾಕಿಸಿಕೊಂಡವನಿಗಂತೂ ಈ ಯುಗಾದಿಯ ಮಾತೇ ಬೇಡ, ಮುಂದಿನದು ಅವನದು. ಹನ್ನೆರಡು ತಿಂಗಳನ್ನು ಮೇಲಿನ ಕ್ರಮದಲ್ಲಿ ಬಳಸಿದರೆ ಬಹುತೇಕರು ಭೀಮನಕೊಳ್ಳವನ್ನು ತಮ್ಮ ಕಾಲಿನಲ್ಲಿಯೇ ಇಳಿದು ಏರಬಲ್ಲರು.

ಹೋಗುವ ವರ್ಷದಲ್ಲಿ ಗಂಟಿನ ಭಾರವನ್ನು ಜೊತೆಯವರು ಹಂಚಿಕೊಳ್ಳಲಿ. ಕೈಗೆ ಎದೆಯೆತ್ತರದ ಕೋಲಿರಲಿ. ಇಳಿಯುವಾಗ ಕೋಲನ್ನು ಮೊದಲು ಕೆಳಗಿನ ಮೆಟ್ಟಿಲಿಗೆ ಊರಿ, ಆಮೇಲೆ ಪೆಟ್ಟಾದ ಕಾಲು, ಕೊನೆಗೆ ಒಳ್ಳೆಯ ಕಾಲು ಇಡಬೇಕು. ಏರುವಾಗ ಒಳ್ಳೆಯ ಕಾಲೇ ಮೊದಲು. ಬರಿಗಾಲಿನ ಹರಕೆ ಹೊತ್ತವರನ್ನು ನಾನು ಟೀಕಿಸಲಾರೆ. ಆದರೂ ಚೈತ್ರದ ಬಿಸಿಲಿಗೆ ಕಾದ ಕಲ್ಲಿನ ಮೇಲೆ ಅವಸರದಿಂದ ಕಾಲೆತ್ತಿಡುವವನು ಹೆಜ್ಜೆಯನ್ನು ನೋಡಿ ಇಡಲಾರನು. ಮುರಿದು ಕೂಡಿದ ಕಾಲಿಗೆ ಹಿಮ್ಮಡಿ ಹಿಡಿಯುವ, ಜಾರದ ಅಟ್ಟೆಯ ಬೂಟು ಒಂದು ವರ್ಷದ ಮಟ್ಟಿಗಾದರೂ ಇರಲಿ. ಮರಗಾಲಿನ ಮಾತನ್ನು ಎತ್ತಲೇಬಾರದು. ಸಂಜೆ ಬೀಡುಬಿಟ್ಟಲ್ಲಿ ಕಾಲನ್ನು ಗಂಟಿನ ಮೇಲೆ ಎತ್ತರಿಸಿ ಮಲಗಬೇಕು. ಮುರಿದ ಕಣಕಾಲು ಆರು ತಿಂಗಳ ನಂತರವೂ ಸಂಜೆ ಹೊತ್ತು ಊದುವುದು ಅಪರೂಪವಲ್ಲ, ಅದಕ್ಕೆ ಹೆದರಬೇಕಾದುದಿಲ್ಲ. ಬೆಳಿಗ್ಗೆಯೂ ಬಾವು ಇಳಿಯದಿದ್ದರೆ ಅಂದು ನಡಿಗೆಯಿಲ್ಲ.

ಲೋಹದ ಪಟ್ಟಿಯನ್ನು ತೆಗೆಸಬೇಕೇ ಎಂದು ಹಲವರು ಕೇಳುವರು. ನೋವು ಕೊಡದಿದ್ದರೆ, ಬೂಟಿಗೆ ತಾಗದಿದ್ದರೆ ಅದು ಒಳಗೇ ಇದ್ದು ಯಾವ ಬಾಧೆಯನ್ನೂ ಮಾಡದು. ತೆಗೆಸಲೇಬೇಕಾದರೆ ಎಲುಬು ಪೂರ್ತಿ ಕೂಡಿದ ಮೇಲೆ ಯುಗಾದಿಯ ಯಾತ್ರೆ ಮುಗಿಸಿ ಬಂದು ತೆಗೆಸುವುದು ಲೇಸು. ತಿರುಪು ಕಿತ್ತ ತೂತುಗಳು ತುಂಬಿಕೊಳ್ಳುವವರೆಗೆ ಕೆಲವು ವಾರ ಆ ಎಲುಬು ಮತ್ತೆ ನಾಜೂಕಾಗಿರುತ್ತದೆ. ಆ ವಾರಗಳಲ್ಲಿ ಪುನಃ ಕಾಲುವೆಯ ಏರಿಯೇ ಸಾಕು.